ಒಡಿಯನ್ ಮತ್ತು ಒಂದು ಬಟ್ಟಲು ಗಂಜಿ

ಕೆಟ್ಟ ಸಿನಿಮಾ ಯಾವುದೆಂದು ವಯನಾಡಿನ ನಮ್ಮ ನೂಲ್ಪುಳದಲ್ಲಿ ಮಾತು ಬಂದರೆ ನನ್ನ ಓಟು ‘ಒಡಿಯನ್’ಗೆ. ಅದು ತೆರೆಕಂಡ ದಿನ, 2018ರ ಡಿಸೆಂಬರ್ 14, ಕೇರಳವಿಡೀ ಹರತಾಳ. ಆದರೂ ಮೋಹನ್‌ಲಾಲ್ ಅಭಿಮಾನಿಗಳು ಥಿಯೇಟರ್ ಬಿಡಲಿಲ್ಲ. ಒಡಿಯನ್ ಎಂದರೆ ಕತ್ತಲಲ್ಲಿ ಪ್ರಾಣಿಯ ವೇಷ ತಾಳಿ ಹೆದರಿಸುವವನು. ಮುತ್ತಂಗ ಕಾಡಂಚಿನ ನಮಗೆ ಇದ್ಯಾವ ಭಯ? ಇಲ್ಲಿ ರಾತ್ರಿ ಅಸಲಿ ಆನೆಯೇ ಬಾಳೆತೋಟಕ್ಕೆ ನುಗ್ಗುತ್ತದೆ, ಅದೂ ಟಿಕೆಟ್ಟಿಲ್ಲದ ಶೋ! ಪ್ರಚಾರದ ಅಬ್ಬರ ನಂಬಿ ಹೊಡೆದಾಟಕ್ಕೆ ಕಾದವರಿಗೆ ಸಿಕ್ಕಿದ್ದು, ಮಂಜು ವಾರಿಯರ್ ಗಂಜಿ ಬೇಕೇ ಎಂದು ವಿಚಾರಿಸುವ ದೃಶ್ಯ. ರಾಜ್ಯಕ್ಕೆ ರಾಜ್ಯವೇ ಆಡಿಕೊಂಡು ನಕ್ಕಿತು.

ಗುಂಡ್ಲುಪೇಟೆಯ ಭಾವ ಮಾತ್ರ ಒಪ್ಪಲಿಲ್ಲ. “ಗಂಜಿಯಾದ್ರೂ ಸಿಕ್ತಲ್ಲ ಭಾವ! ನಮ್ಮ ‘ಕಬ್ಜ’ ನೋಡಿ. ಕೆಜಿಎಫ್ ನೆನಪಾಯ್ತೇ ಹೊರತು ಕತೆ ನೆನಪಿಲ್ಲ.” ವಾದ ಮುಗಿಯುವ ಲಕ್ಷಣವೇ ಇರಲಿಲ್ಲ. ಪುಣ್ಯಕ್ಕೆ ಅವನ ಊರಿನ ದಾರಿಯಲ್ಲಿರುವ ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕುತ್ತಾರೆ. ಭಾವ ಬೈಕು ಹತ್ತಿದ.