ಅಡುಗೆಗೆ ನಮ್ಮವರೇ ಬೇಕು, ಅದಕ್ಕೆ ಯಾರಾದರೂ ಸರಿ

ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಹೆಂಗಸೊಬ್ಬರು ಬೇಕೆಂದು ದಾವಣಗೆರೆಯಲ್ಲಿ ಏಜೆನ್ಸಿಗೆ ಫೋನ್ ಮಾಡುವವರ ಷರತ್ತುಗಳನ್ನು ಯಾರಾದರೂ ಬರೆದಿಡಬೇಕು. ಐಎಎಸ್ ಸಂದರ್ಶನದಲ್ಲೂ ಅಷ್ಟು ಕೇಳಲಿಕ್ಕಿಲ್ಲ. ಮೊಬೈಲ್ ಜಾಸ್ತಿ ನೋಡಬಾರದು. ಮೊಟ್ಟೆ ಮುಟ್ಟಬಾರದು. ಹಬ್ಬಕ್ಕೆ ಊರಿಗೆ ಹೋಗಬಾರದು. ಜ್ವರ ಬರಬಾರದು, ಮಕ್ಕಳಿಗಂತೂ ಬರಲೇಬಾರದು. ಕೊನೆಗೆ ದನಿ ತಗ್ಗಿಸಿ ಒಂದು ಮಾತು: 'ಅಡುಗೆಗಾದ್ರೆ ನಮ್ಮ ಪೈಕಿಯವರೇ ಆಗ್ಬೇಕ್ರೀ. ಅದಕ್ಕೆ... ಯಾರಾದ್ರೂ ನಡೀತದೆ.'

ಇಷ್ಟೆಲ್ಲ ಕೇಳಿದವರು ಒಂದನ್ನು ಮಾತ್ರ ಕೇಳುವುದಿಲ್ಲ: ಮಲಗಿದವರ ಮಗ್ಗುಲು ಬದಲಿಸಲು ಆಕೆಗೆ ಬರುತ್ತದೆಯೇ?

ಅದರಲ್ಲೇನು ಕಲಿಯುವುದು, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ ಎನ್ನುತ್ತಾರೆ. ಇರಬಹುದು. ಗಂಡಸರಿಗೆ ಹುಟ್ಟಿನಿಂದ ಬರುವುದು ಸಲಹೆ ಕೊಡುವ ವಿದ್ಯೆ.

ಹದಿನೈದು ಕಿಲೋಮೀಟರ್ ಆಚೆ ಹರಿಹರಕ್ಕೆ ಹೋಗೋಣ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ತಯಾರಿಸುತ್ತಿತ್ತು. ಆ ಯಂತ್ರದ ಮುಂದೆ ನಿಲ್ಲುವ ಮುನ್ನ ಹುಡುಗರು ವರ್ಷಗಟ್ಟಲೆ ಕೈ ಪಳಗಿಸಬೇಕಿತ್ತು. ತಲೆಗೂದಲಿಗಿಂತ ಸಣ್ಣ ವ್ಯತ್ಯಾಸ ಬಂದರೂ ಮಾಡಿದ ಕೆಲಸ ರಿಜೆಕ್ಟ್. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದೆ. ಆ ಕೈಗಳಿಗೆ ಈಗ ಎಪ್ಪತ್ತು, ಎಂಬತ್ತು. ಅವರಲ್ಲೊಬ್ಬರಿಗೆ ಲಕ್ವ ಹೊಡೆದು ವೃದ್ಧಾಶ್ರಮ ಸೇರಿದರು ಅಂತಿಟ್ಟುಕೊಳ್ಳಿ. ಅವರನ್ನು ಎತ್ತಿ ಕೂರಿಸುವ ಹುಡುಗಿಯ ಅಪ್ರೆಂಟಿಸ್‌ಗಿರಿ ಎಷ್ಟು? ಅರ್ಧ ಗಂಟೆ. 'ಬಕೆಟ್ ಇಲ್ಲೈತಿ, ಡೈಪರ್ ಅಲ್ಲೈತಿ, ತಿಂಗಳಿಗೆ ಎರಡು ರಜೆ.' ಮುಗಿಯಿತು ತರಬೇತಿ.

ಚಕ್ ಬಿಗಿ ಮಾಡದೆ ಲೇತ್ ಆನ್ ಮಾಡಿದವನ ಜನ್ಮವನ್ನು ಫೋರ್‌ಮನ್ ಜಾಲಾಡುತ್ತಿದ್ದ. ಇಲ್ಲಿ ವೀಲ್‌ಚೇರಿನ ಬ್ರೇಕ್ ಹಾಕಿ ಆಮೇಲೆ ಕೂರಿಸಮ್ಮ ಎಂದು ಹೇಳಲು ಫೋರ್‌ಮನ್ನೇ ಇಲ್ಲ. ಕುರ್ಚಿ ಇರಬೇಕಾದದ್ದು ಶಕ್ತಿ ಉಳಿದಿರುವ ಮಗ್ಗುಲಲ್ಲಿ. ಅಂಗಿ ತೊಡಿಸುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಗಬೇಕು. ಎಳೆದರೆ ಚರ್ಮ ಸುಲಿಯುತ್ತದೆ, ಕೆಳಗಿನ ಅಡ್ಡ ಬಟ್ಟೆ ಹಿಡಿದು ಇಬ್ಬರು ಎತ್ತಬೇಕು. ಹಾಸಿಗೆಯ ಸುಕ್ಕು ನೆಟ್ಟಗಾಗಬೇಕು. ಪಿರ್ರೆ, ಹಿಮ್ಮಡಿ ಕೆಂಪಾಗಿವೆಯೇ ಎಂದು ದಿನಾ ಕಣ್ಣಾಡಿಸಬೇಕು. ಸ್ನಾನದ ನೀರನ್ನು ಮೊದಲು ತನ್ನ ಮೊಣಕೈಗೆ ಹಾಕಿಕೊಳ್ಳಬೇಕು, ಏಕೆಂದರೆ ಸಕ್ಕರೆ ಕಾಯಿಲೆಯ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಇದಿಷ್ಟೂ ಮಾಡುವ ಮುಂಚೆ ಪರದೆ ಎಳೆದು, 'ಅಜ್ಜಾರೆ, ಈಗ ಮೈ ಒರೆಸ್ತೀನಿ' ಎಂದು ಹೇಳಬೇಕು.

ಇಷ್ಟನ್ನೂ ಆಕೆ ಸರಿಯಾಗಿ ಮಾಡಿದಾಗ ಏನಾಗುತ್ತದೆ? ಏನೂ ಆಗುವುದಿಲ್ಲ. ಯಾರ ಬೆನ್ನಿಗೂ ಹುಣ್ಣಾಗುವುದಿಲ್ಲ, ಯಾರೂ ಬೀಳುವುದಿಲ್ಲ. ಏನೂ ಆಗದಂತೆ ನೋಡಿಕೊಂಡವಳಿಗೆ ಯಾರು ತಾನೇ ಸಂಬಳ ಹೆಚ್ಚು ಮಾಡುತ್ತಾರೆ? ಹುಣ್ಣು ಮೂಳೆ ಮುಟ್ಟಿದ ಮೇಲಾದರೆ ದೊಡ್ಡ ಡಾಕ್ಟರು, ದೊಡ್ಡ ಬಿಲ್ಲು. ಅದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲೇ ಬಂದ ಊರು ದಾವಣಗೆರೆ. ಬೀದಿಗೊಬ್ಬ ಡಾಕ್ಟರು, ಮನೆಗೊಬ್ಬ ಎಂಜಿನಿಯರು. ರೋಗಿಗಳ ಆರೈಕೆಗೆಂದು 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಎಂಬ ಸರ್ಕಾರಿ ಮಾನ್ಯತೆಯ ಕೌಶಲ ಕೋರ್ಸೂ ದೇಶದಲ್ಲಿದೆ. ಆದರೆ 'ನಮ್ಮ ಹುಡುಗನಿಗೆ ಅದರಲ್ಲೊಂದು ಸೀಟು ಕೊಡಿಸ್ರಿ' ಎಂದು ಶಾಸಕರ ಮನೆ ಮುಂದೆ ಕಾದ ತಂದೆಯನ್ನು ನಾನಂತೂ ಕಂಡಿಲ್ಲ.

ಭಾನುವಾರ ಬೇರೆ ಪ್ರಹಸನ. ಸಂಬಂಧಿಕರು ಬೆಣ್ಣೆದೋಸೆ ಪಾರ್ಸಲ್ ಹಿಡಿದು ಬರುತ್ತಾರೆ. 'ಅಜ್ಜಾರಿಗೆ ದೋಸೆ ಅಂದ್ರೆ ಪ್ರಾಣ.' ನಿಜ, ಲಕ್ವದಿಂದ ನುಂಗುವ ಶಕ್ತಿ ಕಳೆದುಕೊಂಡವರನ್ನು ಅಂಗಾತ ಮಲಗಿಸಿ ತುತ್ತಿಟ್ಟರೆ ಅದು ಪ್ರಾಣದ ಪ್ರಶ್ನೆಯೇ. ಅನ್ನನಾಳ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ. ನೆಟ್ಟಗೆ ಕೂರಿಸಬೇಕು, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವೇ ಕೊಡಬೇಕು, ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಬೇಕು, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಇದನ್ನು ಆಯಾ ಹೇಳಿದರೆ ಸಿಗುವ ಉತ್ತರ: 'ನೀನೇನು ಡಾಕ್ಟರಾ?'

ಹರಿಹರದಲ್ಲಿರುವ ಹರಿಹರೇಶ್ವರನ ಗುಡಿ ಹೊಯ್ಸಳರ ಕಾಲದ್ದು. ಅಲ್ಲಿ ಕಲ್ಲಿನ ದೇಹಕ್ಕೆ ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ನೈವೇದ್ಯ ಇಡುವ ಕೈಯಿಂದ ತೀರ್ಥ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತೇವೆ. ಅದೇ ಮೂರು ಕೆಲಸವನ್ನು ಬೈಯುವ, ಒದೆಯುವ, ನಡುರಾತ್ರಿ ಎದ್ದು ಮಗಳ ಹೆಸರು ಕೂಗುವ ದೇಹಕ್ಕೆ ಮಾಡುವ ಕೈಗೆ ಬೇರೆ ಲೋಟ.

ಕಾನೂನು ಇಲ್ಲವೆನ್ನಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಜಾಗ ಎನ್ನುತ್ತದೆ. ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನೂ ಹಾಕಿದೆ. ಮುಂದೆ, ಖಾಸಗಿ ಆಶ್ರಮಗಳನ್ನೂ ಮನೆಗೆ ಜನ ಕಳಿಸುವ ಏಜೆನ್ಸಿಗಳನ್ನೂ ನೋಂದಣಿಗೆ ಒಳಪಡಿಸುವ, ಆ ಮಿತಿಯನ್ನು ಕಿತ್ತುಹಾಕುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸಂಸತ್ತಿನ ಸಮಿತಿ ಅದರ ನಾಡಿ ನೋಡಿತು, ವರದಿ ಬರೆಯಿತು. ಆಮೇಲೆ ಯಾರೂ ಮಗ್ಗುಲು ಬದಲಿಸಲಿಲ್ಲ. 2024ರಲ್ಲಿ ಆ ಲೋಕಸಭೆಯ ಜೊತೆಗೇ ಮಸೂದೆಯೂ ಮಲಗಿದಲ್ಲೇ ತೀರಿಕೊಂಡಿತು.

ವಿದೇಶದ ಮಗ ಮಾತ್ರ ನಿಶ್ಚಿಂತ. ಕೋಣೆಗೆ ಸಿಸಿ ಕ್ಯಾಮೆರಾ ಹಾಕಿಸಿದ್ದಾನೆ. ಅಮ್ಮ ಮೂರು ಗಂಟೆಯಿಂದ ಒಂದೇ ಮಗ್ಗುಲಲ್ಲಿರುವುದು ನ್ಯೂಜೆರ್ಸಿಯಿಂದ ಸ್ಪಷ್ಟವಾಗಿ ಕಾಣುತ್ತದಂತೆ.

ಇನ್ನು ನಮ್ಮ ನಾಯಕರ ಹುಟ್ಟುಹಬ್ಬ. ಪಿ.ಬಿ. ರಸ್ತೆಯುದ್ದಕ್ಕೂ ಫ್ಲೆಕ್ಸ್, ವೃದ್ಧಾಶ್ರಮದಲ್ಲಿ ಹಣ್ಣು-ಬ್ರೆಡ್ ವಿತರಣೆ. ಹಲ್ಲಿಲ್ಲದವರ ಕೈಗೆ ಸೇಬು, ಸಕ್ಕರೆ ಕಾಯಿಲೆಯವರ ಬಾಯಿಗೆ ಕೇಕು. ಈ ಸಲ ಒಂದು ಬದಲಾವಣೆ ಮಾಡಬಹುದು. ಸೇಬು ಬೇಡ, ಸಾಹೇಬರು ಕೈಗವಸು ತೊಟ್ಟು ಒಬ್ಬರೇ ಒಬ್ಬ ಅಜ್ಜನ ಕಾಲುಗುರು ಕತ್ತರಿಸಲಿ, ಒಬ್ಬರ ಹಲ್ಲಿನ ಸೆಟ್ ತೊಳೆಯಲಿ, ಒಬ್ಬರನ್ನು ಕುರ್ಚಿಯಿಂದ ಮಂಚಕ್ಕೆ ದಾಟಿಸಲಿ. ಫೋಟೊದ ಖರ್ಚು ಊರಿನದು. ಪಿಎ ಏನೆನ್ನುತ್ತಾರೆ ಎಂಬುದೂ ಗೊತ್ತಿರುವುದೇ: 'ಆಗಂಗಿಲ್ರೀ, ಸಾಹೇಬ್ರಿಗೆ ಬೆನ್ನುನೋವು. ಡಾಕ್ಟ್ರು ಬಗ್ಗಬ್ಯಾಡ್ರಿ ಅಂದಾರೆ.'