ಹೆಬ್ಬೆರಳಿಗೆ 30, ಕಿರುಬೆರಳಿಗೆ 7

ಹುಮನಾಬಾದಿನ ಸಾವ್ಕಾರರೊಬ್ಬರಿಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ. ತೊಗರಿ ದರ ಬಿತ್ತೆಂದಲ್ಲ. ಕೆಲಸಗಾರರ ಪರಿಹಾರ ವಿಮೆಗೆ ವರ್ಷಕ್ಕೆ ಇಷ್ಟು ಪ್ರೀಮಿಯಂ ಎಂದು ಏಜೆಂಟ್ ಚೀಟಿ ಬರೆದುಕೊಟ್ಟು ಹೋಗಿದ್ದಾನೆ. 'ದಾಲ್ ಮಿಲ್ ನಂದು, ಬ್ಯಾಳಿ ಬೇಯಿಸ್ಕೊಳ್ಳಾಂವ ಅಂವಾ' ಎಂಬುದು ಸಾವ್ಕಾರರ ಅಳಲು.

ವಿಮೆ ಅಂದರೆ ಅವರಿಗೆ ಅಲರ್ಜಿ ಅಂದುಕೊಳ್ಳಬೇಡಿ. ಗೋದಾಮಿನ ತೊಗರಿಗೆ ಬೆಂಕಿ ವಿಮೆ ಉಂಟು, ಇಲ್ಲದಿದ್ದರೆ ಬ್ಯಾಂಕಿನವರು ಸಾಲ ಕೊಡರು. ಲಾರಿಗೂ ಉಂಟು, ಇಲ್ಲದಿದ್ದರೆ ಹೆದ್ದಾರಿ 65ರಲ್ಲಿ ಸಸ್ತಾಪುರ ಬಂಗ್ಲಾ ದಾಟುವುದೂ ಕಷ್ಟ. ಲಾರಿಗಳ ಊರಾದ ಬಸವಕಲ್ಯಾಣದ ಪಕ್ಕದಲ್ಲಿದ್ದು ಅಷ್ಟೂ ತಿಳಿಯದೇ? ಮೋಟಾರು ಕಾಯ್ದೆಯ ಪ್ರಕಾರ ಡ್ರೈವರನಿಗೂ ಲಾರಿಯಲ್ಲಿ ಹೋಗುವ ಮಾಲೀಕನ ಆಳಿಗೂ ರಕ್ಷಣೆ ಇದೆ. ಹಾಗಾಗಿ ಹಮಾಲ ಮೂಟೆಯ ಜೊತೆ ಲಾರಿ ಹತ್ತಿದರೆ ವಿಮೆಯವನು, ಇಳಿದರೆ ದೇವರವನು.

ಇನ್ನು ಹಾಜರಿ ಪುಸ್ತಕ. ಅದರಲ್ಲಿ ಒಂಬತ್ತು ಹೆಸರು. ಎಣಿಸಿದರೆ ಮಿಲ್ಲಿನೊಳಗೆ ಇಪ್ಪತ್ತೆರಡು ತಲೆ. ಹತ್ತಾದರೆ ಇಎಸ್‌ಐ ಬರುತ್ತದಲ್ಲ! ಅಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು, ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದಳಂತೆ. ನಮ್ಮ ಮುನೀಮರೂ ಅದೇ ಪರಂಪರೆಯವರು. ಒಂಬತ್ತರ ಮೇಲೆ ಬಂದ ಹೆಸರುಗಳನ್ನೆಲ್ಲ ಮರಳಿ ಬೀದಿಗೆ ಸುರಿಯುತ್ತಾರೆ. ಆಳುಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ.

ಉಳಿದದ್ದೆಷ್ಟು? 2019ರ ಜುಲೈಯಿಂದ ಮಾಲೀಕನ ಇಎಸ್‌ಐ ಪಾಲು ಶೇ 3.25. ಹದಿನೈದು ಸಾವಿರ ಸಂಬಳಕ್ಕೆ ತಿಂಗಳಿಗೆ 487 ರೂಪಾಯಿ 50 ಪೈಸೆ. ಅಷ್ಟು ಕಟ್ಟಿದ್ದರೆ ಬೆರಳು ಹೋದಾಗ ಭಾರ ಹೊರುವುದು ನಿಗಮ. ಕಟ್ಟದಿದ್ದರೆ ಹೊರುವವರು ಸಾವ್ಕಾರರು. ಇದನ್ನು ಹೇಳಿದರೆ ಅವರು ನನ್ನನ್ನು ಯೂನಿಯನ್ನಿನವನೆಂದು ನೋಡುತ್ತಾರೆ.

ಗಾಣದ ಮಾಲೀಕರಿಗೆ ಆ ಎಣಿಕೆಯ ಕಷ್ಟವೂ ಇಲ್ಲ. ಇಎಸ್‌ಐ ಕಾನೂನು ಸೀಸನ್ ಕಾರ್ಖಾನೆಗಳನ್ನು ಹೊರಗಿಟ್ಟಿದೆ. ಸಕ್ಕರೆ, ಬೆಲ್ಲ ಎರಡೂ ಆ ಪಟ್ಟಿಯಲ್ಲಿವೆ. ಕಬ್ಬಿನ ಹಂಗಾಮಿನಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತವನು ಮಳೆಗಾಲದಲ್ಲಿ ಜ್ವರ ಬರಿಸಿಕೊಂಡರಾಯಿತು. ಆದರೆ ಗಾಣಕ್ಕೆ ಕಬ್ಬು ಒಡ್ಡುವಾಗ ಕೈ ಹೋದರೆ? ಅದಕ್ಕೆ 1923ರಷ್ಟು ಹಿಂದೆಯೇ ಬ್ರಿಟಿಷರು ಬೇರೆ ಕಾಯ್ದೆ ಮಾಡಿಟ್ಟರು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಹೊಟ್ಟೆಯೊಳಗೆ ಸೇರಿದೆ.

ಆ ಕಾಯ್ದೆಯ ಕೊನೆಗೊಂದು ದರಪಟ್ಟಿ ಇದೆ, ಎಪಿಎಂಸಿಯದಕ್ಕಿಂತ ಚೊಕ್ಕ. ದುಡಿಯುವ ಶಕ್ತಿಯ ನಷ್ಟ: ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ 7. ಒಂದೇ ಕೈಯ ನಾಲ್ಕು ಬೆರಳು ಒಟ್ಟಿಗೆ ಹೋದರೆ 50. ಬಿಡಿಯಾಗಿ ಕೂಡಿದರೆ 40 ಆಗುತ್ತದೆ. ಹೋಲ್‌ಸೇಲಿನಲ್ಲಿ ದರ ಏರುವ ಮಾಲು ಇದೊಂದೇ ಇರಬೇಕು.

ಹದಿನೈದು ಸಾವಿರ ದುಡಿಯುವ 25 ವರ್ಷದ ಹುಡುಗನ ಹೆಬ್ಬೆರಳನ್ನು ತೂಗೋಣ. ಸಂಬಳದ ಶೇ 60 ಅಂದರೆ 9,000. ಅವನ ವಯಸ್ಸಿನ ಗುಣಕ 216.91, ಅದರಲ್ಲಿ ಶೇ 30. ಒಟ್ಟು 5,85,657 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ಕೊಡಲು ತಡ ಮಾಡಿದರೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಅರ್ಧದಷ್ಟರವರೆಗೆ ದಂಡ.

'ಹಂಗಾರ ಪಾಲಿಸಿ ತಗೊಳ್ರಿ' ಅಂದೆ.

'ತಗೊಂಡೀನಲ್ರೀ, ಒಂಬತ್ತು ಮಂದೀದು. ತಲೀಗಿ ಆರು ಸಾವಿರ ಪಗಾರ ಬರ್ಸೀನಿ. ಉಳಿದವ್ರಿಗಿ ವೀರಭದ್ರೇಶ್ವರ ಅದಾನ.'

ಪ್ರೀಮಿಯಂ ನಿಂತಿರುವುದೇ ಪಗಾರದ ಲೆಕ್ಕದ ಮೇಲೆ. ಬರೆದದ್ದು ಕಡಿಮೆಯಾದರೆ ಕಂತೂ ಕಡಿಮೆ. ನಾಳೆ ಪರಿಹಾರ ಆಯುಕ್ತರೆದುರು ಹುಡುಗ ಹದಿನೈದು ಅನ್ನುತ್ತಾನೆ, ಪುಸ್ತಕ ಆರು ಅನ್ನುತ್ತದೆ, ವಿಮೆ ವಕೀಲರು ಪುಸ್ತಕವನ್ನು ಎದೆಗೊತ್ತಿಕೊಳ್ಳುತ್ತಾರೆ. ಆ ಹೊತ್ತಿಗೆ ಸಾವ್ಕಾರರು ಯಾವ ಕಡೆ ನಿಲ್ಲಬೇಕು? ಹದಿನೈದು ಅಂದರೆ ಪುಸ್ತಕ ಸುಳ್ಳು. ಆರು ಅಂದರೆ ಕನಿಷ್ಠ ವೇತನದ ಇನ್‌ಸ್ಪೆಕ್ಟರ್ ಬಾಗಿಲಲ್ಲಿ. ಅದಕ್ಕೇ ಸಾವ್ಕಾರರು ಜಾತ್ರೆಯಲ್ಲಿ ಒಡೆಸುವ ಕಾಯಿಗಳ ಸಂಖ್ಯೆ ಏರಿಸಿದ್ದಾರೆ. ಆ ಪ್ರೀಮಿಯಂಗೆ ಚೌಕಾಸಿ ಇಲ್ಲ.

ಕಾಯಿಯ ಜೊತೆಗೆ ಮುನೀಮರದೊಂದು ಖಾಸಗಿ ವಿಮೆಯೂ ಇದೆ. ಕೆಲಸಕ್ಕೆ ಸೇರುವ ದಿನವೇ ನೂರು ರೂಪಾಯಿ ಬಾಂಡ್ ಪೇಪರ್: 'ನನಗೆ ಏನಾದರೂ ಆದರೆ ನಾನೇ ಜವಾಬ್ದಾರ.' ಕೆಳಗೆ ಹೆಬ್ಬೆಟ್ಟು. ಇಂಥ ಒಪ್ಪಂದ ಆ ಹಳೆಯ ಕಾಯ್ದೆಯ 17ನೇ ಕಲಮಿನಂತೆಯೇ ಶೂನ್ಯ. ಪುಟಾಣಿ ಕಟ್ಟಲು ಆದೀತು. ಮುನೀಮರು ಅದನ್ನು ಲಕ್ಷ್ಮಿ ಫೋಟೋದ ಹಿಂದೆ ಜೋಪಾನವಾಗಿಟ್ಟಿದ್ದಾರೆ.

ಆ ಹುಡುಗ ಪಟ್ಟಿ ಸುತ್ತಿಕೊಂಡು ಆಸ್ಪತ್ರೆಯಿಂದ ಬಂದ. ಮುನೀಮರು ಇಪ್ಪತ್ತು ಸಾವಿರ ಎಣಿಸಿಟ್ಟರು. ಪಕ್ಕಕ್ಕೆ ಇನ್ನೊಂದು ಬಾಂಡ್: 'ಪೂರ್ತಿ ಮುಟ್ಟಿತು, ಯಾವ ತಕರಾರೂ ಇಲ್ಲ.' ಇಂಕ್ ಪ್ಯಾಡ್ ಮುಂದೆ ಸರಿಸಿದರು. ಹುಡುಗ ಪಟ್ಟಿಯೊಳಗಿನ ಬಲಗೈ ನೋಡಿಕೊಂಡ.

'ಎಡಗೈದೂ ನಡೀತದ, ಒತ್ತೋ ತಮ್ಮಾ' ಅಂದರು ಮುನೀಮರು.