ಮೂಗಿನಲ್ಲಿ ನೀರು ಕುಡಿಯುವ ಭಾವ

ಮನೆಗೆ ಬಂದವರ ಕೈಗೆ ಮೊದಲು ನೀರು ಕೊಡುವುದು ನಮ್ಮಲ್ಲಿ ವಾಡಿಕೆ. ತೀರ್ಥಹಳ್ಳಿ ಕಡೆಯ ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಬಂದರೆ ಮಾತ್ರ ಆ ಲೋಟ ಬಾಯಿಯವರೆಗೆ ಹೋಗುವುದಿಲ್ಲ. ಮೂಗಿನ ಕೆಳಗೆ ಬಂದು ನಿಲ್ಲುತ್ತದೆ. ಭಾವ ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆಯುತ್ತಾರೆ. ಹುಬ್ಬು ಮೇಲೇರುತ್ತದೆ. ಆಮೇಲೆ ಲೋಟವನ್ನು ಟೀಪಾಯಿಯ ಮೇಲಿಟ್ಟು, ಚೇಳಿದ್ದಂತೆ ಎರಡೇ ಬೆರಳಿನಲ್ಲಿ ಆಚೆ ತಳ್ಳುತ್ತಾರೆ.

"ಎಂತ ಮಾರಾಯ, ಬ್ಲೀಚಿಂಗ್ ಪೌಡರ್ ವಾಸನೆ ಹೊಡೀತದೆ. ಇದನ್ನ ಹೆಂಗೆ ಕುಡೀತೀರಿ?"

ಇಂಥವರು ನಿಮ್ಮ ನೆಂಟರಲ್ಲೂ ಒಬ್ಬರಿರುತ್ತಾರೆ. ಊರಿಂದ ಬರುವಾಗ ಬಟ್ಟೆಗಿಂತ ನೀರಿನ ಬಾಟಲಿ ಹೆಚ್ಚು ತರುತ್ತಾರೆ. ಹೋಟೆಲಿನಲ್ಲಿ ಬಿಸಿನೀರು ಕೇಳಿ, ಅದನ್ನೂ ಮೂಸಿ ನೋಡುತ್ತಾರೆ. ಬೋರ್‌ವೆಲ್ ನೀರು ಅವರಿಗೆ 'ಉಪ್ಪುಪ್ಪು', ಫಿಲ್ಟರ್ ನೀರು 'ಸತ್ತ ನೀರು'. ತಮ್ಮ ಬಾಟಲಿಯ ಮುಚ್ಚಳ ತೆಗೆಯುವಾಗ ಮಾತ್ರ "ಗಂಗಾಸ್ನಾನ, ತುಂಗಾಪಾನ" ಎಂದು ನಮಗೆ ಕೇಳುವಂತೆ ಹೇಳಿಕೊಳ್ಳುತ್ತಾರೆ. ಹೀಗಿದ್ದೂ ಸಾರಿಗೆ ಉಪ್ಪು ಹಾಕಿಲ್ಲದಿದ್ದರೆ ನಮ್ಮ ಭಾವನಿಗೆ ಗೊತ್ತೇ ಆಗುವುದಿಲ್ಲ. ಅಕ್ಕ ಇದನ್ನು ನಲವತ್ತು ವರ್ಷಗಳಿಂದ ಬಲ್ಲಳು.

ನಾನು ಯಾರೂ ನೇಮಿಸದ ಜಲಮಂಡಳಿ ವಕ್ತಾರ. ಕಾವೇರಿಯನ್ನು ಯಾರಾದರೂ ಆಡಿಕೊಂಡರೆ ಸುಮ್ಮನಿರಲಾಗುವುದಿಲ್ಲ. "ಭಾವ, ಈ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹತ್ತಿರ ಬರ್ತದೆ. ಮೂರು ಕಡೆ ಪಂಪು ಮಾಡಿ ಐನೂರು ಮೀಟರ್ ಎತ್ತರ ಹತ್ತಿಸ್ತಾರೆ. ದಾರಿಯಲ್ಲಿ ಪೈಪಿನೊಳಗೆ ಏನಾದ್ರೂ ಸೇರಿದ್ರೆ ಕೊಲ್ಲೋಕೆ ನಲ್ಲಿಯವರೆಗೂ ಚೂರು ಕ್ಲೋರಿನ್ ಉಳಿದಿರಬೇಕು. ಲೀಟರಿಗೆ 0.2 ಮಿಲಿಗ್ರಾಂ ಸಾಕು. ನಮ್ಮ ಸಾವಿರ ಲೀಟರ್ ಸಿಂಟೆಕ್ಸಿಗೆ ಕಾಲು ಗ್ರಾಮೂ ಆಗಲ್ಲ!"

"ಅದೇ ಕಾಲು ಗ್ರಾಮಿನ ವಾಸನೆ ನಾನು ಹೇಳ್ತಿರೋದು," ಎಂದರು ಭಾವ.

ಪುಸ್ತಕ ತೆಗೆದು ನೋಡಿದೆ. ಲೀಟರಿಗೆ 0.3 ಮಿಲಿಗ್ರಾಂ ಇದ್ದರೂ ಕೆಲವರ ನಾಲಗೆಗೆ ಗೊತ್ತಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿಬಿಟ್ಟಿದೆ. ಪುಟ ಮಡಚಿಟ್ಟೆ, ಭಾವನಿಗೆ ತೋರಿಸಲಿಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಜಾನ್ ಲೀಲ್ ಎಂಬ ವೈದ್ಯ ಯಾರ ಅನುಮತಿಯನ್ನೂ ಕೇಳದೆ ಊರಿನ ನೀರಿಗೆ ಕ್ಲೋರಿನ್ ಬೆರೆಸಲು ಶುರುಮಾಡಿದ. ಅಲ್ಲಿ ನಮ್ಮ ಭಾವ ಇದ್ದಿದ್ದರೆ ಮಧ್ಯಾಹ್ನದ ಊಟದೊಳಗೆ ಸಿಕ್ಕಿಬೀಳುತ್ತಿದ್ದ.

ಒಂದು ಭಾನುವಾರ ತಾಳ್ಮೆ ಕೆಟ್ಟು ಪರೀಕ್ಷೆಗೆ ಕರೆದೆ. ಒಂದೇ ಥರದ ಮೂರು ಸ್ಟೀಲ್ ಲೋಟ. ಒಂದರಲ್ಲಿ ಆಗಷ್ಟೇ ನಲ್ಲಿಯಿಂದ ಹಿಡಿದ ನೀರು. ಇನ್ನೊಂದರಲ್ಲಿ ಅದೇ ನೀರು, ರಾತ್ರಿಯಿಡೀ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟದ್ದು. ಮೂರನೆಯದರಲ್ಲಿ ಅಂಗಡಿಯ ಕ್ಯಾನ್ ನೀರು. ಮಗಳು ಮೊಬೈಲು ಹಿಡಿದು ನಿಂತಳು. ಭಾವ ಪಂಚೆ ಸರಿಮಾಡಿಕೊಂಡು, ತಂಬೂರಿ ಶ್ರುತಿಗೆ ಕಿವಿಗೊಟ್ಟವರಂತೆ ಒಂದೊಂದನ್ನೇ ಮೂಸಿದರು.

"ಇದು ನಿನ್ನ ಕಾವೇರಿ. ಇದು ಸತ್ತ ನೀರು. ಇದು..." ಇಲ್ಲಿ ಒಂದು ಗುಟುಕು ಕುಡಿದರು. "ಇದೂ ಕಾವೇರಿಯೇ. ಗಾಳಿಗೆ ಇಟ್ಟಿದ್ದೀರಿ. ಅಡ್ಡಿಲ್ಲ."

ಮೂರಕ್ಕೆ ಮೂರು! ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಲೋಟಗಳನ್ನು ಅದಲುಬದಲು ಮಾಡಿ, "ಈಗ ನೀನು ಹೇಳು" ಎಂದರು. ನಾನು ಕ್ಯಾನ್ ನೀರನ್ನು ಕಾವೇರಿ ಎಂದೆ. ಆ ವಿಡಿಯೊ ನಮ್ಮ ನೆಂಟರ ಎಲ್ಲ ಗುಂಪುಗಳಲ್ಲೂ ಓಡಾಡಿದೆ. ಮೂವತ್ತು ವರ್ಷ ದಿನಾ ಬಡಿದ ವಾಸನೆಯನ್ನು ನನ್ನ ಮೂಗು ಯಾವತ್ತೋ ಲೆಕ್ಕದಿಂದ ಬಿಟ್ಟುಬಿಟ್ಟಿತ್ತು.

ಭಾವನನ್ನು ಗೆದ್ದವಳು ನನ್ನ ಹೆಂಡತಿ ಒಬ್ಬಳೇ. ಅದೇ ನಲ್ಲಿ ನೀರಿಗೆ ಬೆಲ್ಲ ಕರಗಿಸಿ ನಿಂಬೆಹಣ್ಣು ಹಿಂಡಿ ಪಾನಕ ಮಾಡಿ ಕೊಟ್ಟಳು. ಎರಡು ಲೋಟ ಕುಡಿದು, "ಊರಿನ ನೀರು ಉಳಿದಿತ್ತಾ?" ಎಂದು ಕೇಳಿದರು. ನಿಂಬೆಯ ಸಿ ಜೀವಸತ್ವ ಕ್ಲೋರಿನ್ನನ್ನು ನಿಮಿಷದಲ್ಲಿ ಮುಗಿಸುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. "ಅತಿಥಿ ಬಂದರೆ ಪಾನಕ ಕೊಡಬೇಕು, ಭಾಷಣ ಅಲ್ಲ" ಎಂಬುದು ಗೊತ್ತಿತ್ತು.

ಮಂಡಿ ಕೈಕೊಟ್ಟ ಮೇಲೆ ಭಾವ ತೋಟವನ್ನು ಗೇಣಿಗೆ ಕೊಟ್ಟು, ಅಕ್ಕನ ಜೊತೆ ಇಲ್ಲೇ ಮಗನ ಫ್ಲಾಟಿಗೆ ಬಂದರು. ಮೊದಲ ಮೂರು ತಿಂಗಳು ಆ ಮನೆಯಲ್ಲಿ ನೀರಿನದೇ ಜಗಳ. ಆಮೇಲೆ ಗದ್ದಲ ಕಡಿಮೆಯಾಯಿತು. ಹೊಂದಿಕೊಂಡರಲ್ಲ ಎಂದು ನಾವೆಲ್ಲ ಸಮಾಧಾನಪಟ್ಟೆವು.

ಮೊನ್ನೆ ಗೃಹಪ್ರವೇಶಕ್ಕೆಂದು ಊರಿಗೆ ಹೋದವನು ಅವರ ಹಳೇಮನೆಯ ಬಾವಿಯಿಂದ ಎರಡು ಬಾಟಲಿ ನೀರು ತುಂಬಿಕೊಂಡೆ. ರಾತ್ರಿ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ತಂದೆ. ಎಲ್ಲಿಯ ನೀರು ಎಂದು ಹೇಳದೆ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅದೇ ಮೂಗು, ಅದೇ ಮುಚ್ಚಿದ ಕಣ್ಣು. ಈ ಸಲ ಉಸಿರು ಸ್ವಲ್ಪ ಉದ್ದವಾಯಿತು. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

"ಎಲ್ಲಿದು ಮಾರಾಯ? ಎಂತದೋ ಸಪ್ಪೆ ಸಪ್ಪೆ."

"ನಿಮ್ಮ ಬಾವಿದೇ ಭಾವ."

ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತಿತು. ಭಾವ ಲೋಟವನ್ನು ಆಚೆ ತಳ್ಳಲಿಲ್ಲ. ಮತ್ತೆ ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು.